ಸಿನರ್ಜಿ: ಕರೆಂಟ್ ಕಂಪನಿಗಳು ಒಂದಾದಾಗ ಲೈನ್‌ಮ್ಯಾನ್‌ಗೆ ಈ ಪದದ ಅರ್ಥ ಏನು?

ಅಮೆರಿಕದಲ್ಲಿ ಎರಡು ಕರೆಂಟ್ ಕಂಪನಿಗಳು ಒಂದಾಗುವ ಸುದ್ದಿ ಬಂತು ಅಂದರೆ ಅದರ ಜೊತೆ ಒಂದು ಪದವೂ ಬರುತ್ತದೆ. ಸಿನರ್ಜಿ. ಈ ವಿಲೀನದಿಂದ ಇಷ್ಟು ಕೋಟಿ ಡಾಲರ್ ಸಿನರ್ಜಿ ಸಿಗುತ್ತದೆ ಅಂತ ಕಂಪನಿಯವರು ಹೇಳುತ್ತಾರೆ. ಷೇರು ಇಟ್ಟುಕೊಂಡವರಿಗೆ ಅದು ಲಾಭದ ಮಾತು. ಕಂಬ ಹತ್ತುವವರು ಅದೇ ಮಾತು ಕೇಳಿದಾಗ ಯೋಚನೆಗೆ ಬೀಳುತ್ತಾರೆ. ಈ ಉಳಿತಾಯ ಎಲ್ಲಿಂದ ತೆಗೀತಾರೆ, ಅದರಲ್ಲಿ ನನ್ನ ಕೆಲಸವೂ ಸೇರಿದೆಯಾ?

ಪದದ ಮೂಲ ಗ್ರೀಕ್. 'ಸಿನ್' ಅಂದರೆ ಜೊತೆ, 'ಎರ್ಗಾನ್' ಅಂದರೆ ಕೆಲಸ. ಜೊತೆಗೂಡಿ ಮಾಡುವ ಕೆಲಸ ಅನ್ನೋದು ಅದರ ಅರ್ಥ. ವ್ಯಾಪಾರದ ಭಾಷೆಗೆ ಬಂದಾಗ ಅರ್ಥ ಸ್ವಲ್ಪ ಸರಿಯಿತು. ಅಲ್ಲಿ ಸಿನರ್ಜಿ ಅಂದರೆ, ಎರಡು ಕಂಪನಿ ಬೇರೆ ಬೇರೆ ಇದ್ದಾಗ ಆಗುತ್ತಿದ್ದ ಖರ್ಚಿಗಿಂತ ಒಂದಾದ ಮೇಲೆ ಎಷ್ಟು ಕಡಿಮೆ ಖರ್ಚಾಗುತ್ತದೋ ಆ ವ್ಯತ್ಯಾಸ. ಎರಡು ಮನೆಯವರು ಕೂಡಿ ಒಂದೇ ಒಲೆ ಹಚ್ಚಿದರೆ ಸೌದೆ ಉಳಿಯುತ್ತದೆ ಅಲ್ವಾ, ಹಾಗೆ. ಆದಾಯ ಹೆಚ್ಚುವುದಕ್ಕೂ ಈ ಪದ ಬಳಸುತ್ತಾರೆ, ಆದರೆ ಕರೆಂಟ್ ಕಂಪನಿಗಳಲ್ಲಿ ಅದು ಕಷ್ಟ. ದರ ನಿಗದಿ ಮಾಡೋದು ರಾಜ್ಯದ ನಿಯಂತ್ರಣ ಆಯೋಗ, ಗ್ರಾಹಕರು ಇರುವಷ್ಟೇ. ಹಾಗಾಗಿ ಈ ಉದ್ಯಮದಲ್ಲಿ ಸಿನರ್ಜಿ ಅಂದರೆ ಹೆಚ್ಚು ಕಡಿಮೆ ಖರ್ಚು ಕಡಿತ ಅಂತಲೇ ಅರ್ಥ.

ಅದು ಯಾಕೆ ಅಷ್ಟು ಮುಖ್ಯ ಆಗುತ್ತದೆ ಅನ್ನೋದಕ್ಕೆ ಕಾನ್ಸಸ್ ರಾಜ್ಯದ ಒಂದು ಕಥೆ ಇದೆ. 2016ರ ಮೇ ಕೊನೆಯಲ್ಲಿ ಕಾನ್ಸಸ್ ಸಿಟಿಯ ಗ್ರೇಟ್ ಪ್ಲೇನ್ಸ್ ಎನರ್ಜಿ ಕಂಪನಿ, ಟೊಪೀಕಾದ ವೆಸ್ಟಾರ್ ಎನರ್ಜಿಯನ್ನು ಕೊಳ್ಳುತ್ತೇವೆ ಅಂತ ಹೇಳಿತು. ವೆಸ್ಟಾರ್ ಮೇಲಿದ್ದ ಸಾಲವೂ ಸೇರಿ ಸುಮಾರು 1,220 ಕೋಟಿ ಡಾಲರ್ ವ್ಯವಹಾರ. ಷೇರಿಗೆ ಮಾರುಕಟ್ಟೆಯ ಬೆಲೆಗಿಂತ ಜಾಸ್ತಿ ಕೊಡುತ್ತಿದ್ದರು, ಅದಕ್ಕೆ ಗ್ರೇಟ್ ಪ್ಲೇನ್ಸ್ ಹೊಸದಾಗಿ ದೊಡ್ಡ ಸಾಲ ಮಾಡಬೇಕಿತ್ತು. ಹೀಗೆ ಮೇಲೆ ಕೊಡುವ ಹಣವನ್ನು ಪ್ರೀಮಿಯಂ ಅಂತಾರೆ. ಅದನ್ನು ಗ್ರಾಹಕರ ಬಿಲ್‌ಗೆ ಸೇರಿಸಲು ಆಯೋಗಗಳು ಸಾಮಾನ್ಯವಾಗಿ ಬಿಡೋದಿಲ್ಲ. ಹಾಗಾದರೆ ಆ ಹಣ ಎಲ್ಲಿಂದ ಬರಬೇಕು? ಒಳಗಿನಿಂದಲೇ ಬರಬೇಕು, ಅಂದರೆ ಸಿನರ್ಜಿಯಿಂದ. ಪ್ರೀಮಿಯಂ ಎಷ್ಟು ದೊಡ್ಡದೋ ಕಡಿತದ ಒತ್ತಡವೂ ಅಷ್ಟು ದೊಡ್ಡದು. 2017ರ ಏಪ್ರಿಲ್‌ನಲ್ಲಿ ಕಾನ್ಸಸ್‌ನ ಆಯೋಗ ಬೆಲೆ ತೀರಾ ಜಾಸ್ತಿ ಆಯಿತು ಅಂತ ಒಪ್ಪಿಗೆ ಕೊಡಲಿಲ್ಲ. ಎರಡೂ ಕಂಪನಿ ಮತ್ತೆ ಕೂತು, ಪ್ರೀಮಿಯಂ ಇಲ್ಲದೆ, ಆ ಸಾಲವೂ ಇಲ್ಲದೆ, ಸಮಾನರಾಗಿ ಷೇರು ಬದಲಾಯಿಸಿಕೊಳ್ಳುವ ಒಪ್ಪಂದ ಮಾಡಿಕೊಂಡವು. 2018ರ ಜೂನ್‌ನಲ್ಲಿ ಅದು ಮುಗಿಯಿತು, ಹೊಸ ಹೆಸರು ಎವರ್ಜಿ. ವಿಲೀನದ ಕಾರಣಕ್ಕೆ ಯಾರನ್ನೂ ಬಲವಂತವಾಗಿ ಕೆಲಸದಿಂದ ತೆಗೆಯುವುದಿಲ್ಲ ಅನ್ನೋ ಮಾತೂ ಅದರಲ್ಲಿ ಇತ್ತು. ಆಯೋಗದ ಆ ಒಂದು 'ಇಲ್ಲ' ಅಲ್ಲಿನ ಕಾರ್ಮಿಕರ ಮೇಲೆ ಬೀಳಬಹುದಾಗಿದ್ದ ಭಾರವನ್ನು ಎಷ್ಟು ಇಳಿಸಿತು ಅನ್ನೋದನ್ನು ಸುದ್ದಿಗಳಲ್ಲಿ ಯಾರೂ ಒತ್ತಿ ಹೇಳಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಸರಿ, ಉಳಿತಾಯ ಎಲ್ಲಿ ಸಿಗುತ್ತದೆ? ಮೊದಲು ಮುಖ್ಯ ಕಚೇರಿಯಲ್ಲಿ. ಇಬ್ಬರು ಸಿಇಒ ಬೇಡ, ಎರಡು ಸಂಬಳ ವಿಭಾಗ ಬೇಡ, ಎರಡು ಬಿಲ್ಲಿಂಗ್ ಸಾಫ್ಟ್‌ವೇರ್ ಬೇಡ. ಆಮೇಲೆ ಖರೀದಿಯಲ್ಲಿ. ಕಂಬ, ತಂತಿ, ಟಿಸಿ ಎಲ್ಲ ದೊಡ್ಡ ಪ್ರಮಾಣದಲ್ಲಿ ಕೊಂಡರೆ ದರ ಇಳಿಯುತ್ತದೆ. ಉತ್ಪಾದನಾ ಘಟಕಗಳಿದ್ದರೆ ಇಂಧನದಲ್ಲೂ ಸಿಗುತ್ತದೆ. 2012ರ ಜುಲೈಯಲ್ಲಿ ಡ್ಯೂಕ್ ಎನರ್ಜಿ ಮತ್ತು ಪ್ರೋಗ್ರೆಸ್ ಎನರ್ಜಿ ಒಂದಾದಾಗ ಎರಡು ಕೆರೊಲಿನಾ ರಾಜ್ಯಗಳ ಗ್ರಾಹಕರಿಗೆ ಐದು ವರ್ಷದಲ್ಲಿ ಕನಿಷ್ಠ 65 ಕೋಟಿ ಡಾಲರ್ ಉಳಿಸುತ್ತೇವೆ ಅಂದಿದ್ದರು. ಅದು ಮುಖ್ಯವಾಗಿ ಇಂಧನ ಖರೀದಿಯಿಂದ ಮತ್ತು ಎರಡೂ ಕಂಪನಿಯ ಸ್ಥಾವರಗಳನ್ನು ಒಟ್ಟಿಗೆ ನಡೆಸುವುದರಿಂದ ಬರಬೇಕಿದ್ದ ಹಣ.

ಈ ಪಟ್ಟಿಯಲ್ಲಿ ಲೈನ್‌ಮ್ಯಾನ್ ಇಲ್ಲ, ಗಮನಿಸಿ. ಇರಲು ಕಾರಣವೂ ಇಲ್ಲ. ಕಾನ್ಸಸ್‌ನ ವಿಚಿಟಾ ಊರಿನಲ್ಲಿರುವ ಕಂಬ ವಿಲೀನ ಆದ ಮಾರನೇ ದಿನವೂ ವಿಚಿಟಾದಲ್ಲೇ ಇರುತ್ತದೆ. ಅದಕ್ಕೆ ಬೇಕಾದ ಕೈಗಳೂ ಅಷ್ಟೇ ಇರುತ್ತವೆ. ಇಬ್ಬರು ಲೆಕ್ಕಿಗರ ಕೆಲಸ ಒಬ್ಬರು ಮಾಡಬಹುದು. ಎರಡು ಊರಿನಲ್ಲಿ ಒಂದೇ ರಾತ್ರಿ ಮರ ಬಿದ್ದರೆ ಒಂದು ಗ್ಯಾಂಗ್ ಎರಡೂ ಕಡೆ ಇರಲು ಆಗೋದಿಲ್ಲ. ಅದಕ್ಕೇ ವಿಲೀನದ ಸಮಯದಲ್ಲಿ ಲೈನ್‌ಮ್ಯಾನ್‌ಗಳಿಗೆ "ನಿಮಗೇನೂ ಆಗಲ್ಲ" ಅಂತ ಧೈರ್ಯ ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ.

ಯಾಕೆ ಅಂದರೆ, ಎವರ್ಜಿ ಒಪ್ಪಂದದ ಮಾತಿನಲ್ಲಿದ್ದ 'ಬಲವಂತವಾಗಿ' ಅನ್ನುವ ಪದವನ್ನು ಇನ್ನೊಮ್ಮೆ ಓದಬೇಕು. ಕೊಟ್ಟ ಮಾತು ಇರುವ ಮನುಷ್ಯನ ಬಗ್ಗೆ. ಅವನು ನಿವೃತ್ತಿಯಾಗಿ ಹೋದ ಮೇಲೆ ಖಾಲಿಯಾಗುವ ಜಾಗದ ಬಗ್ಗೆ ಅಲ್ಲ. 58 ವರ್ಷದ ಲೈನ್‌ಮ್ಯಾನ್ ಸ್ವಯಂ ನಿವೃತ್ತಿ ಹಣ ತೆಗೆದುಕೊಂಡು ಸಂತೋಷವಾಗಿಯೇ ಮನೆಗೆ ಹೋಗುತ್ತಾನೆ. ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಯಾರ ಕೆಲಸವೂ ಹೋಗಿಲ್ಲ, ಆದರೂ ಒಂದು ಕೆಲಸ ಹೋಗಿದೆ. ಇದಕ್ಕೆ ಅಲ್ಲಿ ಅಟ್ರಿಷನ್ ಅಂತಾರೆ. ಸವಕಳಿ ಅನ್ನಬಹುದು ನಾವು.

ಲೈನ್ ಕೆಲಸದಲ್ಲಿ ಈ ಸವಕಳಿ ಬೇರೆ ಕೆಲಸಗಳಿಗಿಂತ ಹೆಚ್ಚು ಅಪಾಯದ್ದು. ಅಮೆರಿಕದಲ್ಲಿ ಹೊಸ ಹುಡುಗ ಅಪ್ರೆಂಟಿಸ್ ಆಗಿ ಸೇರಿ ಪೂರ್ಣ ಲೈನ್‌ಮ್ಯಾನ್, ಅವರ ಮಾತಿನಲ್ಲಿ ಜರ್ನಿಮನ್, ಆಗಲು ಸಾಮಾನ್ಯವಾಗಿ ಮೂರೂವರೆ ನಾಲ್ಕು ವರ್ಷ ಬೇಕು. ಹಾಟ್ ಲೈನ್ ಮೇಲೆ, ಅಂದರೆ ಕರೆಂಟ್ ಹರಿಯುತ್ತಿರುವಾಗಲೇ, ರಬ್ಬರ್ ಕೈಗವಸು ಹಾಕಿಕೊಂಡು ಕೆಲಸ ಮಾಡೋದನ್ನು ಪುಸ್ತಕ ಓದಿ ಕಲಿಯಲು ಆಗೋದಿಲ್ಲ. ಹಳಬರ ಪಕ್ಕ ನಿಂತೇ ಕಲಿಯಬೇಕು. ಎರಡು ವರ್ಷ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲಿಲ್ಲ ಅಂತ ಇಟ್ಟುಕೊಳ್ಳಿ. ಆ ಎರಡು ವರ್ಷದ ಲೆಕ್ಕಪತ್ರದಲ್ಲಿ ಅದು ಉಳಿತಾಯ. ಅದರ ನಷ್ಟ ಕಾಣುವುದು ನಾಲ್ಕೈದು ವರ್ಷ ಆದ ಮೇಲೆ, ಯಾವುದೋ ಬಿರುಗಾಳಿ ರಾತ್ರಿಯಲ್ಲಿ. ಅಷ್ಟರಲ್ಲಿ ಕಲಿಸಬೇಕಿದ್ದ ಹಳಬರೂ ಹೋಗಿರುತ್ತಾರೆ, ಉಳಿದವರು ವಾರಕ್ಕೆ ಮೂರು ರಾತ್ರಿ ಓವರ್‌ಟೈಮ್ ಮಾಡುತ್ತಿರುತ್ತಾರೆ. ದಣಿದ ಮನುಷ್ಯ ಹೈ ಟೆನ್ಷನ್ ಲೈನ್ ಹತ್ತಿರ ಹೋಗೋದು ಎಷ್ಟು ಅಪಾಯ ಅಂತ ಕಂಬ ಹತ್ತದವರಿಗೂ ಗೊತ್ತಾಗುತ್ತದೆ.

ಆ ಧೈರ್ಯದ ಮಾತು ಪೂರ್ತಿ ಅಲ್ಲ ಅನ್ನಲು ಇನ್ನೊಂದು ಕಾರಣವೂ ಇದೆ, ಇದು ಸ್ವಲ್ಪ ಲೆಕ್ಕದ ವಿಷಯ. ಅಲ್ಲಿ ಖಾಸಗಿ ಕರೆಂಟ್ ಕಂಪನಿ ಹೊಸ ಲೈನ್, ಹೊಸ ಸಬ್‌ಸ್ಟೇಷನ್ ಕಟ್ಟಿದರೆ ಆ ಬಂಡವಾಳದ ಮೇಲೆ ಆಯೋಗ ಇಂತಿಷ್ಟು ಲಾಭಕ್ಕೆ ಅವಕಾಶ ಕೊಡುತ್ತದೆ. ಇರುವ ಲೈನ್ ದುರಸ್ತಿ, ಮರ ಸವರುವುದು, ರಾತ್ರಿ ಪಾಳಿ ಇವೆಲ್ಲ ನಿರ್ವಹಣೆ ಖರ್ಚು. ಅದರ ಮೇಲೆ ಲಾಭ ಇಲ್ಲ, ಖರ್ಚು ಮಾತ್ರ ವಾಪಸ್ ಬರುತ್ತದೆ. ಮುಂದಿನ ದರ ಪರಿಷ್ಕರಣೆ ಆಗುವವರೆಗೆ ಆ ಖರ್ಚಿನಲ್ಲಿ ಉಳಿಸಿದ ಹಣ ಕಂಪನಿಗೇ ಉಳಿಯುತ್ತದೆ. ಹಾಗಾಗಿ ಸಿನರ್ಜಿ ತೋರಿಸಬೇಕಾದ ಕಂಪನಿಯ ಕಣ್ಣು ಮೊದಲು ಬೀಳೋದು ನಿರ್ವಹಣೆಯ ಮೇಲೆ. ಕಂಪನಿಯ ಸ್ವಂತ ಲೈನ್‌ಮ್ಯಾನ್ ದಿನಾ ಮಾಡುವ ಕೆಲಸ ಹೆಚ್ಚಾಗಿ ಅದೇ ಅಲ್ವಾ. ದೊಡ್ಡ ಕಟ್ಟುವ ಕೆಲಸಗಳು ಗುತ್ತಿಗೆ ಕಂಪನಿಗಳಿಗೆ ಹೋಗುತ್ತವೆ. ಗುತ್ತಿಗೆ ಲೈನ್‌ಮ್ಯಾನ್‌ಗಳು ಕಡಿಮೆಯವರು ಅಂತ ನಾನು ಹೇಳುತ್ತಿಲ್ಲ, ಅವರಲ್ಲಿ ಎಷ್ಟೋ ಜನ ಅದೇ ಯೂನಿಯನ್‌ನವರು, ಒಳ್ಳೆಯ ಕೂಲಿಯೂ ಸಿಗುತ್ತದೆ. ಆದರೆ ಅವರು ಕೆಲಸ ಮುಗಿದ ಮೇಲೆ ಇನ್ನೊಂದು ರಾಜ್ಯಕ್ಕೆ ಹೋಗುತ್ತಾರೆ. ಯಾವ ಹಳ್ಳದ ಪಕ್ಕದ ಕಂಬ ಮಳೆಗಾಲದಲ್ಲಿ ವಾಲುತ್ತದೆ, ಯಾವ ಫೀಡರ್‌ನಲ್ಲಿ ಗಾಳಿ ಬೀಸಿದರೆ ಕೊಂಬೆ ತಾಗುತ್ತದೆ ಅಂತ ಗೊತ್ತಿರೋದು ಅದೇ ಊರಲ್ಲಿ 20 ವರ್ಷ ಇದ್ದವನಿಗೆ.

ಕಂಪನಿ ಒಂದಾದರೂ ಯೂನಿಯನ್ ಒಪ್ಪಂದಗಳು ತಕ್ಷಣ ಒಂದಾಗುವುದಿಲ್ಲ. ಹಳೆಯ ಒಪ್ಪಂದದ ಅವಧಿ ಮುಗಿಯುವವರೆಗೆ ಒಂದೇ ಕಂಪನಿಯ ಎರಡು ಭಾಗಗಳಲ್ಲಿ ಎರಡು ಥರದ ಕೂಲಿ, ಎರಡು ಥರದ ಓವರ್‌ಟೈಮ್ ನಿಯಮ ನಡೆಯಬಹುದು. ಮುಂದೆ ಸೇರಿಸುವಾಗ ದೊಡ್ಡ ಜಗಳ ಬರೋದು ಸೀನಿಯಾರಿಟಿಯಲ್ಲಿ. ಎರಡು ಪಟ್ಟಿಯನ್ನು ಸೇರಿದ ತಾರೀಖಿನ ಪ್ರಕಾರ ಹೆಣೆಯಬೇಕಾ, ಅಥವಾ ಒಂದರ ಕೆಳಗೆ ಇನ್ನೊಂದನ್ನು ಇಡಬೇಕಾ? ಕೆಳಗೆ ಇಟ್ಟರೆ 15 ವರ್ಷ ದುಡಿದವನು ನಿನ್ನೆ ಬಂದವನ ಹಿಂದೆ ನಿಲ್ಲಬೇಕಾಗುತ್ತದೆ. ಪಾಳಿ ಯಾವುದು, ರಜೆ ಯಾವಾಗ, ಯಾವ ಊರು ಎಲ್ಲ ಅದೇ ಪಟ್ಟಿಯ ಮೇಲೆ ನಿಂತಿರುತ್ತದೆ. ಸುರಕ್ಷತೆಯ ಕ್ರಮಗಳೂ ಹಾಗೇ. ನಮ್ಮಲ್ಲಿ ಎಲ್‌ಸಿ ತೆಗೆದುಕೊಳ್ಳುವುದು ಅಂತಾರಲ್ಲ, ಲೈನ್ ಆಫ್ ಮಾಡಿಸಿ ಖಚಿತ ಮಾಡಿಕೊಂಡು ಕೆಲಸ ಶುರು ಮಾಡುವ ಕ್ರಮ, ಅದು ಪ್ರತಿ ಕಂಪನಿಯಲ್ಲೂ ಅದರದೇ ರೀತಿಯಲ್ಲಿ ಇರುತ್ತದೆ. ಎರಡು ರೀತಿ ಕಲಿತವರು ಒಂದೇ ಲೈನ್ ಮೇಲೆ ಬಂದಾಗ ಮಾತು ಸ್ವಲ್ಪ ಹೆಚ್ಚು ಕಡಿಮೆ ಆದರೂ ಜೀವಕ್ಕೆ ಕುತ್ತು. ಈ ಕಲಿಕೆಗೆ ಬೇಕಾದ ದಿನಗಳನ್ನು ಯಾವ ಸಿನರ್ಜಿ ಲೆಕ್ಕವೂ ಬಿಡಬಾರದು.

ಒಳ್ಳೆಯದೂ ಇದೆ, ಅದನ್ನೂ ಹೇಳಬೇಕು. ದೊಡ್ಡ ಕಂಪನಿಗೆ ಬಿರುಗಾಳಿ ಸಮಯದಲ್ಲಿ ತನ್ನದೇ ಬೇರೆ ಊರಿನ ಗ್ಯಾಂಗ್‌ಗಳನ್ನು ಕಳಿಸಲು ಆಗುತ್ತದೆ. ಲೈನ್‌ಮ್ಯಾನ್‌ಗೆ ಬೇರೆ ಊರಿಗೆ ವರ್ಗ ಕೇಳಲು ದಾರಿ ಜಾಸ್ತಿ. ಹೊಸ ಬಕೆಟ್ ಟ್ರಕ್, ದೊಡ್ಡ ತರಬೇತಿ ಕೇಂದ್ರ ಇವಕ್ಕೆ ಹಣವೂ ಸಿಗಬಹುದು.

ನಮ್ಮಲ್ಲಿ ಆಗಿದ್ದು ಇದರ ಉಲ್ಟಾ. 1957ರಲ್ಲಿ ಶುರುವಾದ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಅದರಿಂದ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಹುಟ್ಟಿದವು, ಆಮೇಲೆ ಮೈಸೂರು ಭಾಗಕ್ಕೆ ಸೆಸ್ಕ್ ಬಂತು. ಒಂದಾಗುವ ಬದಲು ಒಡೆದರು. ಆದರೆ ನೌಕರರ ಪ್ರಶ್ನೆ ಹೆಚ್ಚು ಬೇರೆ ಇರಲಿಲ್ಲ. ನಾನು ಯಾವ ಕಂಪನಿಗೆ ಸೇರುತ್ತೇನೆ, ನನ್ನ ಪಿಂಚಣಿ ಯಾರು ಕೊಡುತ್ತಾರೆ? 2025ರ ಏಪ್ರಿಲ್‌ನಿಂದ ನಮ್ಮ ಬಿಲ್‌ನಲ್ಲಿ ಯೂನಿಟ್‌ಗೆ 36 ಪೈಸೆ ಪಿಂಚಣಿ ಮತ್ತು ಗ್ರ್ಯಾಚುಟಿ ಬಾಬ್ತು ಸೇರಿತಲ್ಲ, ಅದು ಆ ಹಳೆಯ ಪ್ರಶ್ನೆಯ ಬಾಕಿ.

ಮತ್ತೆ ಅಮೆರಿಕಕ್ಕೆ ಬರೋಣ. ಈ ಪದವನ್ನು ಕಾರ್ಮಿಕರ ಕಡೆಗೆ ಸ್ವಲ್ಪ ಬಗ್ಗಿಸಲು ಸಾಧ್ಯ ಅನ್ನೋದಕ್ಕೆ ವಾಷಿಂಗ್ಟನ್ ಡಿ.ಸಿ.ಯ ಉದಾಹರಣೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಅಲ್ಲಿ ಕರೆಂಟ್ ಕೊಡುವ ಕಂಪನಿ ಪೆಪ್ಕೊ, ಅಂದರೆ ಪೊಟೊಮ್ಯಾಕ್ ಎಲೆಕ್ಟ್ರಿಕ್ ಪವರ್. ಕಾರ್ಮಿಕ ಸಂಘದ ಇತಿಹಾಸದ ಜೊತೆ ಈ ಕಂಪನಿಗೆ ಹಳೆಯ ನಂಟಿದೆ. ವಿದ್ಯುತ್ ಕಾರ್ಮಿಕರ ದೊಡ್ಡ ಯೂನಿಯನ್ ಐಬಿಇಡಬ್ಲ್ಯು 1891ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿತು. ಅದರ ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್ ಒಬ್ಬ ಲೈನ್‌ಮ್ಯಾನ್. ಊರಿಂದ ಊರಿಗೆ ಕೆಲಸ ಹುಡುಕಿಕೊಂಡು ಹೋಗಿ, ಹೋದಲ್ಲೆಲ್ಲ ಜನರನ್ನು ಸೇರಿಸಿ ಸಂಘ ಕಟ್ಟಿದವನು. 1896ರ ಜುಲೈಯಲ್ಲಿ ವಾಷಿಂಗ್ಟನ್‌ನಲ್ಲಿ ಇದೇ ಪೊಟೊಮ್ಯಾಕ್ ಕಂಪನಿಗೆ ಕೆಲಸ ಮಾಡುತ್ತಿದ್ದಾಗ ಶಾಕ್ ಹೊಡೆದು ಕಂಬದಿಂದ ಬಿದ್ದು ತೀರಿಕೊಂಡ.

ಆ ಕಂಪನಿಯ ಮಾಲೀಕ ಸಂಸ್ಥೆ ಪೆಪ್ಕೊ ಹೋಲ್ಡಿಂಗ್ಸ್ ಅನ್ನು ಷಿಕಾಗೋದ ಎಕ್ಸೆಲಾನ್ 680 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ 2014ರ ಏಪ್ರಿಲ್‌ನಲ್ಲಿ ಹೇಳಿತು. 2015ರ ಆಗಸ್ಟ್‌ನಲ್ಲಿ ಡಿ.ಸಿ. ಆಯೋಗ ಬೇಡ ಅಂದಿತು. ನಂತರ ನಗರದ ಮೇಯರ್ ಜೊತೆ ಮಾತುಕತೆ ನಡೆದು ಷರತ್ತುಗಳು ಬಿಗಿಯಾದವು, ಕೊನೆಗೆ 2016ರ ಮಾರ್ಚ್ 23ರಂದು ಒಪ್ಪಿಗೆ ಸಿಕ್ಕಿತು. ಕಂಪನಿ ಕೊಟ್ಟ ಮಾತುಗಳಲ್ಲಿ ಒಂದು, ಎರಡು ವರ್ಷದೊಳಗೆ ಡಿ.ಸಿ.ಯಲ್ಲಿ ಕನಿಷ್ಠ 102 ಯೂನಿಯನ್ ಕೆಲಸಗಾರರನ್ನು ತೆಗೆದುಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತೇವೆ ಅನ್ನೋದು. ಯಾರನ್ನೂ ತೆಗೆಯಲ್ಲ ಅನ್ನುವ ಮಾತು ಎಷ್ಟೋ ವಿಲೀನಗಳಲ್ಲಿ ಕೇಳಿಬರುತ್ತದೆ. ಇಷ್ಟು ಜನರನ್ನು ತಗೋತೀವಿ ಅಂತ ಸಂಖ್ಯೆ ಬರೆದು ಕೊಡೋದು ಅಪರೂಪ. ಖಾಲಿಯಾಗುವ ಜಾಗ ತುಂಬಿಸುವ ಮಾತು ಇದು, ಹಾಗಾಗಿ ಸವಕಳಿಗೆ ನೇರ ಉತ್ತರ. ನನಗಿರುವ ತಕರಾರು ಆ ಅವಧಿಯ ಬಗ್ಗೆ ಮಾತ್ರ. ವಿಲೀನದ ಮಾರನೇ ದಿನವೇ ಅಪ್ರೆಂಟಿಸ್ ಆಗಿ ಸೇರಿದ ಹುಡುಗ ಕೂಡ ಆ ಎರಡು ವರ್ಷ ಮುಗಿಯುವಾಗ ಇನ್ನೂ ಅರ್ಧ ತರಬೇತಿಯಲ್ಲೇ ಇರುತ್ತಾನೆ.