ಹಸಿರು ಕಲೆ ಕಂಡರೆ ಮೊದಲು ಬ್ಯಾಟರಿ ತೆಗೆಯಿರಿ

ಮೈಸೂರಿನಲ್ಲಿ ನನ್ನ ಹತ್ತಿರ ಬರುವ ಹಳೆ ಕಂಪ್ಯೂಟರ್‌ಗಳು ಹೆಚ್ಚಾಗಿ ಅಟ್ಟದಿಂದ ಇಳಿದವು. ಮುಚ್ಚಿಹೋದ ಡಿಟಿಪಿ ಸೆಂಟರಿನದ್ದೋ, ಅಪ್ಪನ ಕಾಲದ್ದೋ ಇರುತ್ತವೆ. "ದೂಳು ಹಿಡಿದಿದೆ ಅಷ್ಟೇ ಸಾರ್, ಸ್ವಲ್ಪ ಕ್ಲೀನ್ ಮಾಡಿಕೊಡಿ" ಅನ್ನುತ್ತಾರೆ. ದೂಳಿಗೆ ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ, ಮದರ್‌ಬೋರ್ಡ್) ಕೆಡುವುದು ಅಪರೂಪ. ಸೋರಿದ ಬ್ಯಾಟರಿ, ಉಬ್ಬಿದ ಕೆಪ್ಯಾಸಿಟರ್ ಇವೆಯಾ ಮೊದಲು ನೋಡಿ.

386, 486 ಎಂಬ ಹಳೆ ಪ್ರೊಸೆಸರ್‌ಗಳ ಬೋರ್ಡ್ ಆದರೆ ಕೀಬೋರ್ಡ್ ಸಿಕ್ಕಿಸುವ ದುಂಡು ಸಾಕೆಟ್‌ನ ಅಕ್ಕಪಕ್ಕ ನೋಡಿ. ಹಲವು ಬೋರ್ಡ್‌ಗಳಲ್ಲಿ ಅಲ್ಲೇ ಬೆರಳು ಗಾತ್ರದ 3.6 ವೋಲ್ಟ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಗಡಿಯಾರ ಮತ್ತು ಸೆಟ್ಟಿಂಗ್ ಉಳಿಸುವುದು ಅದರ ಕೆಲಸ. ವರ್ಷಗಟ್ಟಲೆ ಸುಮ್ನೆ ಬಿಟ್ಟರೆ ಅದು ಸೋರುತ್ತದೆ. ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೋರ್ಡ್‌ನಲ್ಲಿ ಕರೆಂಟ್ ಹರಿಯುವ ತಾಮ್ರದ ಗೆರೆಗಳನ್ನು, ಅಂದರೆ ಟ್ರ್ಯಾಕ್‌ಗಳನ್ನು ತಿನ್ನುತ್ತದೆ. ಪಾಚಿಯಂಥ ಹಸಿರು ಕಾಣುವ ಹೊತ್ತಿಗೆ ಅದು ಬೋರ್ಡ್‌ನ ಹಸಿರು ಲೇಪದ ಕೆಳಗೂ ಹರಿದಿರುತ್ತದೆ. ಟ್ರ್ಯಾಕ್ ಕಪ್ಪಾಗಿದ್ದರೆ ಅದೇ ಗುರುತು. ಪಕ್ಕದ ಕೀಬೋರ್ಡ್ ಚಿಪ್‌ಗೂ ಪೆಟ್ಟು ಬೀಳುತ್ತದೆ. ಬೋರ್ಡ್ ಆನ್ ಆದರೂ ಕೀಲಿ ಒತ್ತಿದರೆ ಏನೂ ಆಗದಿದ್ದರೆ ಮೊದಲ ಅನುಮಾನ ಅಲ್ಲಿಗೇ.

ಇಲ್ಲಿ ಜಾಸ್ತಿ ಜನ ಅಡುಗೆ ಸೋಡಾ ಹಚ್ಚುತ್ತಾರೆ. ಕಾರಿನ ಬ್ಯಾಟರಿಗೆ ಅದು ಸರಿ, ಅಲ್ಲಿರುವುದು ಆಸಿಡ್. ಇಲ್ಲಿ ಸೋರಿದ್ದೇ ಕ್ಷಾರ, ಅದಕ್ಕೆ ಹುಳಿ ಬೇಕು. ಗ್ಲೌಸ್, ಕನ್ನಡಕ ಹಾಕಿಕೊಂಡು ಮೊದಲು ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಕ್ಯಾಡ್ಮಿಯಂ ವಿಷ, ಕಸದ ಬುಟ್ಟಿಗೆ ಬೇಡ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಆಮೇಲೆ ಬಿಳಿ ವಿನೆಗರ್ ಅದ್ದಿದ ಹಳೆ ಟೂತ್‌ಬ್ರಷ್‌ನಿಂದ ಆ ಜಾಗವನ್ನಷ್ಟೇ ಮೆಲ್ಲಗೆ ಉಜ್ಜಿ. ಸ್ವಲ್ಪ ನೊರೆ ಬರಬಹುದು, ಗಾಬರಿ ಬೇಡ. ವಿನೆಗರ್ ಉಳಿದರೆ ಅದೂ ಲೋಹ ತಿನ್ನುತ್ತದೆ. ಹಾಗಾಗಿ ಡಿಸ್ಟಿಲ್ಡ್ ವಾಟರ್‌ನಿಂದ ತೊಳೆಯಿರಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರೇ ಅದು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪೂರ್ತಿ ಒಣಗಲು ಬಿಡಿ. ಆತುರಪಟ್ಟು ಕರೆಂಟ್ ಕೊಡಬೇಡಿ.

ಒಣಗಿದ ಮೇಲೆ ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ, ಅದರ ಎರಡು ಕಡ್ಡಿಗಳನ್ನು ಕಪ್ಪಾದ ಪ್ರತಿ ಟ್ರ್ಯಾಕ್‌ನ ಎರಡು ತುದಿಗೆ ಹಿಡಿದು ನೋಡಿ. ಬೀಪ್ ಬಂದರೆ ಟ್ರ್ಯಾಕ್ ತುಂಡಾಗಿಲ್ಲ. ತುಂಡಾಗಿದ್ದರೆ ತೆಳು ತಂತಿಯಿಂದ ಜೋಡಿಸಬೇಕು. ಚೆನ್ನಾಗಿ ಕಾಣುವ ಟ್ರ್ಯಾಕ್ ಕೂಡ ಬೋರ್ಡ್‌ನ ರಂಧ್ರದ ಹತ್ತಿರ ಕಡಿದಿರಬಹುದು. ಕಣ್ಣು ನಂಬಬೇಡಿ, ಬೀಪ್ ನಂಬಿ.

ಪೆಂಟಿಯಂ 4 ಕಾಲದ ಬೋರ್ಡ್‌ಗಳ ಕಥೆ ಬೇರೆ. 2000ರ ದಶಕದ ಶುರುವಿನಲ್ಲಿ ಬಂದ ಎಷ್ಟೋ ಬೋರ್ಡ್‌ಗಳಲ್ಲಿ ಕಳಪೆ ಕೆಪ್ಯಾಸಿಟರ್‌ಗಳಿದ್ದವು (ಕರೆಂಟಿನ ಏರಿಳಿತ ತಗ್ಗಿಸುವ ಪುಟ್ಟ ಡಬ್ಬಿಗಳು). ಪ್ರೊಸೆಸರ್ ಸುತ್ತಲಿನವುಗಳ ತಲೆ ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ಅವು ಹೋದ ಹಾಗೆಯೇ. ಒರೆಸಿ ಪ್ರಯೋಜನವಿಲ್ಲ, ಬದಲಿಸಲೇಬೇಕು. ಮೈಕ್ರೋಫ್ಯಾರಡ್ ಅದೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿಯ ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವುದು) ಕೇಳಿ ತನ್ನಿ. ಬುಡದಲ್ಲಿ ಕಂದು ಅಂಟು ಮಾತ್ರ ಕಂಡರೆ ಹೆದರಬೇಡಿ, ಕೆಲವು ಸಲ ಅದು ಫ್ಯಾಕ್ಟರಿಯಲ್ಲೇ ಹಾಕಿದ ಗೋಂದು.

486ಕ್ಕೆ ಹೊಸ ಬ್ಯಾಟರಿ ಹಾಕುವಾಗ ಒಂದು ಎಚ್ಚರ. ಸಿಆರ್2032 ಎಂಬ ಬಿಲ್ಲೆ ಬ್ಯಾಟರಿಯನ್ನು ನೇರವಾಗಿ ಬೆಸೆಯಬೇಡಿ. ಹಳೆ ಬ್ಯಾಟರಿಯನ್ನು ಬೋರ್ಡ್ ಚಾರ್ಜ್ ಮಾಡುತ್ತಿತ್ತು, ಈ ಬಿಲ್ಲೆಯನ್ನು ಚಾರ್ಜ್ ಮಾಡಬಾರದು. ಮಧ್ಯೆ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರಲೇಬೇಕು.