ಕುಡಿತದ ಅಮಲು, ಆಪರೇಷನ್ನಿನ ಮಂಪರು

ಅರಿವಳಿಕೆ ಮದ್ದುಗಳು ಬರುವ ಮೊದಲು ಶಸ್ತ್ರಚಿಕಿತ್ಸೆಗೆ ಮಲಗಿದವರಿಗೆ ಮದ್ಯ ಕುಡಿಸುವುದಿತ್ತು. ಕುಡಿಸಿದರೂ ನಾಲ್ಕಾರು ಮಂದಿ ರೋಗಿಯನ್ನು ಅದುಮಿ ಹಿಡಿಯಬೇಕಾಗುತ್ತಿತ್ತು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರ್ ಆವಿಯ ಪ್ರಭಾವವನ್ನು ಎಲ್ಲರೆದುರು ತೋರಿಸಿದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಆದರೆ ಮದ್ಯವೂ ಅರಿವಳಿಕೆ ಮದ್ದುಗಳೂ ಮಿದುಳಿನಲ್ಲಿ ಕೆಲಸ ಮಾಡುವುದು ಬಹುಪಾಲು ಒಂದೇ ಜಾಗದಲ್ಲಿ. ಹಾಗಿದ್ದೂ ಮದ್ಯ ಏಕೆ ಸೋತಿತು?

ಮಿದುಳಿನ ನರಕೋಶಗಳನ್ನು ಸುಮ್ಮನಿರಿಸುವ ಮುಖ್ಯ ರಾಸಾಯನಿಕ ಗಾಬಾ. ಅದು ತನ್ನ ಗ್ರಾಹಕಕ್ಕೆ, ಅಂದರೆ ಕೋಶದ ಮೇಲೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ, ಅಂಟಿಕೊಂಡರೆ ಕ್ಲೋರೈಡ್ ಅಯಾನುಗಳು ಕೋಶದೊಳಗೆ ಹರಿಯುತ್ತವೆ, ಆಮೇಲೆ ಆ ಕೋಶ ಸುಲಭಕ್ಕೆ ಕೆರಳುವುದಿಲ್ಲ. ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್, ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್, ಮದ್ಯದಲ್ಲಿರುವ ಎಥನಾಲ್ ಮೂರೂ ಈ ಗ್ರಾಹಕದ ಕೆಲಸವನ್ನು ಹೆಚ್ಚಿಸುತ್ತವೆ. ಇದರ ಜೊತೆಗೆ ಎಥನಾಲ್, ಕೋಶಗಳನ್ನು ಕೆರಳಿಸುವ ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕವನ್ನೂ ಕುಗ್ಗಿಸುತ್ತದೆ. ಕೆಟಮಿನ್ ಎಂಬ ಅರಿವಳಿಕೆ ಮದ್ದು ಮುಖ್ಯವಾಗಿ ತಡೆಯುವುದು ಇದನ್ನೇ. ಹೊಸ ನೆನಪು ಮೂಡಬೇಕಾದರೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಈ ಗ್ರಾಹಕ ಸರಿಯಾಗಿ ಕೆಲಸ ಮಾಡಬೇಕು. ವಿಪರೀತ ಕುಡಿದವರು ರಾತ್ರಿಯೆಲ್ಲ ಓಡಾಡಿ, ಮಾತಾಡಿ, ಬೆಳಿಗ್ಗೆ ಒಂದೂ ನೆನಪಿಲ್ಲ ಎನ್ನುವುದು ಸುಳ್ಳಲ್ಲ. ಅವರು ಮರೆತದ್ದಲ್ಲ, ಆ ನೆನಪು ದಾಖಲಾಗಲೇ ಇಲ್ಲ.

ಈ ಮದ್ದುಗಳು ಕೋಶದ ಕೊಬ್ಬಿನ ಪೊರೆಯಲ್ಲಿ ಕರಗಿ ಕೆಲಸ ಮಾಡುತ್ತವೆ ಎಂದು ಬಹುಕಾಲ ನಂಬಲಾಗಿತ್ತು. 1984ರಲ್ಲಿ ಫ್ರ್ಯಾಂಕ್ಸ್ ಮತ್ತು ಲೀಬ್ ಎಂಬ ವಿಜ್ಞಾನಿಗಳು, ಮಿಂಚುಹುಳಕ್ಕೆ ಬೆಳಕು ಕೊಡುವ ಪ್ರೋಟೀನನ್ನು ಕೊಬ್ಬಿನ ಸೋಂಕೇ ಇಲ್ಲದೆ ಪರೀಕ್ಷಿಸಿದರು. ಅರಿವಳಿಕೆ ಮದ್ದು ಅದನ್ನೂ ತಡೆಯಿತು. ಪ್ರೋಟೀನಿನತ್ತ ಎಲ್ಲರ ಗಮನ ತಿರುಗಿದ್ದು ಅಲ್ಲಿಂದ.

ಇನ್ನು ಪ್ರಮಾಣದ ಲೆಕ್ಕ. 60 ಕಿಲೋ ತೂಕದ ಆರೋಗ್ಯವಂತರನ್ನು ಮಂಪರಿಗಿಳಿಸಲು ಸುಮಾರು 120 ಮಿಲಿಗ್ರಾಂ ಪ್ರೊಪೊಫಾಲ್ ಸಾಕು. ಅದೇ ವ್ಯಕ್ತಿ 40 ಗ್ರಾಂ ಎಥನಾಲ್ ಕುಡಿದರೆ 100 ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ 100 ಮಿಲಿಗ್ರಾಂ ಸೇರುತ್ತದೆ. ಆಗ ನಡಿಗೆ ತಪ್ಪುತ್ತದೆ, ನಾಲಿಗೆ ತೊದಲುತ್ತದೆ, ಎಚ್ಚರ ಮಾತ್ರ ಹೋಗುವುದಿಲ್ಲ. 300 ದಾಟಿದರೆ ಎಬ್ಬಿಸಿದರೂ ಏಳದ ಸ್ಥಿತಿ. 400ರ ಆಸುಪಾಸಿನಲ್ಲಿ ಮಿದುಳುಕಾಂಡದ ಉಸಿರಾಟದ ಕೇಂದ್ರವೇ ನಿಲ್ಲಬಹುದು. ಕತ್ತಿಯ ನೋವು ತಿಳಿಯದಷ್ಟು ಕುಡಿಸುವುದಕ್ಕೂ ಉಸಿರು ನಿಲ್ಲಿಸುವುದಕ್ಕೂ ನಡುವೆ ಇರುವ ಅಂತರ ತೀರಾ ಕಿರಿದು. ಮದ್ಯ ಸೋತದ್ದು ಇಲ್ಲಿಯೇ.

ಪ್ರೊಪೊಫಾಲ್ ಕೂಡ ಉಸಿರು ನಿಲ್ಲಿಸುತ್ತದೆ, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಅದನ್ನು ಕೊಡುವವರು ಮಾಸ್ಕ್, ಆಮ್ಲಜನಕ, ಶ್ವಾಸನಾಳಕ್ಕೆ ಇಳಿಸುವ ಕೊಳವೆ ಎಲ್ಲವನ್ನೂ ಸಿದ್ಧವಾಗಿಟ್ಟುಕೊಂಡು ತಲೆಯ ಬಳಿಯೇ ನಿಂತಿರುತ್ತಾರೆ. ನೋವಿಗೆ ಫೆಂಟನಿಲ್, ಸ್ನಾಯು ಸಡಿಲಿಸಲು ಬೇರೆ ಮದ್ದು ಎಂದು ಕೆಲಸ ಹಂಚುವುದರಿಂದ ಯಾವುದನ್ನೂ ಅಪಾಯದ ಅಂಚಿಗೆ ಒಯ್ಯಬೇಕಾಗುವುದಿಲ್ಲ.

ಮದ್ಯಕ್ಕೂ ಅರಿವಳಿಕೆ ಮದ್ದಿಗೂ ಇರುವ ದೊಡ್ಡ ವ್ಯತ್ಯಾಸ ಅಮಲು ಇಳಿಯುವ ರೀತಿ. ಒಂದೇ ಸಲ ಕೊಟ್ಟ ಪ್ರೊಪೊಫಾಲ್ ಮಿದುಳಿನಿಂದ ಸ್ನಾಯು, ಕೊಬ್ಬಿನ ಕಡೆಗೆ ಸರಿದುಹೋಗುವುದರಿಂದ ಐದು ಹತ್ತು ನಿಮಿಷಕ್ಕೇ ರೋಗಿ ಕಣ್ಣು ಬಿಡಬಹುದು. ಸೆವೊಫ್ಲುರೇನ್ ಉಸಿರಿನಲ್ಲೇ ಹೊರಹೋಗುತ್ತದೆ. ಎಥನಾಲ್‌ಗೆ ಇರುವುದು ಬಹುಮಟ್ಟಿಗೆ ಯಕೃತ್ತಿನ ದಾರಿಯೊಂದೇ. ಅಲ್ಲಿನ ಕಿಣ್ವ ಒಂದೇ ಕಿಟಕಿಯ ಟಿಕೆಟ್ ಕೌಂಟರಿನಂತೆ: ಸಾಲು ಎಷ್ಟೇ ಉದ್ದವಿರಲಿ, ವೇಗ ಅಷ್ಟೇ. 100 ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿದರೆ 150ಕ್ಕೇರಿದ ಮಟ್ಟ ಸೊನ್ನೆಗೆ ಬರಲು ಹತ್ತು ಗಂಟೆ ಬೇಕು. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಇದನ್ನು ಒಂದು ನಿಮಿಷವೂ ಬೇಗ ಮುಗಿಸುವುದಿಲ್ಲ.

ಅರಿವಳಿಕೆ ತಜ್ಞರು ಕುಡಿತದ ಬಗ್ಗೆ ಕೇಳುವುದು ಬೈಯಲಿಕ್ಕಲ್ಲ. ಆಗತಾನೆ ಕುಡಿದು ಬಂದವರಿಗೆ ಮದ್ದು ಕಡಿಮೆ ಸಾಕು, ಆದರೆ ಮಂಪರಿನಲ್ಲಿ ವಾಂತಿ ಶ್ವಾಸಕೋಶಕ್ಕಿಳಿಯುವ ಅಪಾಯ ಹೆಚ್ಚು. ವರ್ಷಗಟ್ಟಲೆ ದಿನವೂ ಕುಡಿದವರಲ್ಲಿ ಗ್ರಾಹಕಗಳು ಹೊಂದಿಕೊಂಡಿರುತ್ತವೆ, ಹಾಗಾಗಿ ಮಲಗಿಸಲು ಹೆಚ್ಚು ಮದ್ದು ಬೇಕಾಗಬಹುದು. ಇಂಥವರು ಆಪರೇಷನ್ನಿಗಾಗಿ ಹಿಂದಿನ ದಿನ ದಿಢೀರನೆ ಬಿಟ್ಟರೆ ಇನ್ನೊಂದು ಕಷ್ಟ. ಕೈನಡುಕ, ಬೆವರು ಆರೇಳು ಗಂಟೆಗಳಲ್ಲೇ ಶುರುವಾಗುತ್ತವೆ, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿಯಬಹುದು. ಇದರಿಂದ ಪ್ರಾಣವೇ ಹೋಗಬಹುದು. ವಾರಗಳ ಮೊದಲೇ ವೈದ್ಯರ ನಿಗಾದಲ್ಲಿ ಬಿಡುವುದು ಕ್ಷೇಮ. ಅದಾಗದಿದ್ದರೆ ದಿನಕ್ಕೆಷ್ಟು, ಕೊನೆಯದಾಗಿ ಕುಡಿದದ್ದು ಯಾವಾಗ ಎಂಬುದನ್ನಾದರೂ ನಿಜವಾಗಿ ಹೇಳಬೇಕು.

ಕುಡಿದು ಎಚ್ಚರ ತಪ್ಪಿದವರನ್ನು "ಮಲಗಲಿ, ಬೆಳಿಗ್ಗೆ ಸರಿಹೋಗ್ತಾರೆ" ಎಂದು ಬಿಟ್ಟುಹೋಗಬೇಡಿ. ಹೊಟ್ಟೆಯಲ್ಲಿ ಉಳಿದ ಮದ್ಯ ಇನ್ನೂ ರಕ್ತಕ್ಕೆ ಸೇರುತ್ತಿರುತ್ತದೆ, ಮಲಗಿದ ಮೇಲೂ ಮಟ್ಟ ಏರಬಹುದು. ಚರ್ಮದ ರಕ್ತನಾಳಗಳು ಹಿಗ್ಗಿ ಮೈಬಿಸಿ ಸೋರಿಹೋಗುವುದರಿಂದ ಹೊದಿಕೆ ಹೊದಿಸಿ. ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ, ವಾಂತಿಯಾದರೆ ಹೊರಗೆ ಹರಿಯುವಂತೆ ಬಾಯಿ ಕೆಳಮುಖವಾಗಿಡಿ. ಕುಡಿಯಲು ಏನನ್ನೂ ಕೊಡಬೇಡಿ, ಬಲವಂತವಾಗಿ ವಾಂತಿ ಮಾಡಿಸಬೇಡಿ. ಉಸಿರನ್ನು ಒಂದು ಪೂರ್ತಿ ನಿಮಿಷ ಎಣಿಸಿ. ಎಂಟಕ್ಕಿಂತ ಕಡಿಮೆಯಿದ್ದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಬಿಡುವಿದ್ದರೆ, ತುಟಿ ನೀಲಿಯಾಗಿದ್ದರೆ, ಜೋರಾಗಿ ಅಲುಗಾಡಿಸಿದರೂ ಏಳದಿದ್ದರೆ ಕಾಯುತ್ತ ಕೂರದೆ ಆಂಬುಲೆನ್ಸ್ ಕರೆಸಿ.