ಬೆಡ್‌ಶೀಟ್ ಬದಲಿಸುವ ಮುಂಚೆ ಹತ್ತು ನಿಮಿಷ

ಮಕ್ಕಳ ಐಸಿಯುನಲ್ಲಿ ನರ್ಸ್ ಆಗಿ ಕೆಲಸ ಮಾಡುವ ಹುಡುಗಿಯೊಬ್ಬಳು ಹೋದ ವರ್ಷ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಳು. ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡೇ ಬಂದಿದ್ದಳು. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.) ನೈಟ್ ಡ್ಯೂಟಿ, ಬೆಳಗಿನ ಜಾವ ನಾಲ್ಕರ ಹೊತ್ತು, ಅವಳು ನೋಡಿಕೊಳ್ಳುತ್ತಿದ್ದ ಮಗು ತೀರಿಕೊಂಡಿತು. ನಿಂತ ಎದೆಬಡಿತ ಮರಳಿಸಲು ಎದೆ ಒತ್ತಿ ಸಿಪಿಆರ್ ಕೊಟ್ಟವಳು ಅವಳೇ. ಆಮೇಲೆ ಮಗುವಿನ ಪುಟ್ಟ ಕೈಯಿಂದ ಡ್ರಿಪ್ ಹಾಕುವ ಸಣ್ಣ ನಳಿಕೆ (ಕ್ಯಾನುಲಾ) ತೆಗೆದು, ಪ್ಲಾಸ್ಟರಿನ ಅಂಟು ಒರೆಸಿ, ಬಟ್ಟೆ ಸುತ್ತಿ ಅಮ್ಮನ ಕೈಗೆ ಕೊಟ್ಟವಳೂ ಅವಳೇ. ಅಷ್ಟರಲ್ಲಿ ಪಕ್ಕದ ಮಾನಿಟರ್ ಹೊಡೆದುಕೊಂಡಿತು, ಓಡಿದಳು. ಐದಕ್ಕೆ ಅದೇ ಬೆಡ್ಡಿಗೆ ಹೊಸ ಶೀಟ್ ಹಾಸಿ ಹೊಸ ಅಡ್ಮಿಷನ್ ತಗೊಂಡಳು. ಮೂರು ವಾರ ಕಳೆದರೂ ಮನೆಯಲ್ಲಿ ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತಿದ್ದಳು.

"ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಮೇಡಂ, ಉಳಿದವರೆಲ್ಲ ಗಟ್ಟಿಯಾಗಿದ್ದಾರೆ" ಎಂದಳು.

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಉಳಿದವರು ಬಾತ್‌ರೂಮಿನಲ್ಲಿ ಅತ್ತು, ಮುಖ ಒರೆಸಿಕೊಂಡು ಬರುತ್ತಾರೆ ಅಷ್ಟೆ. ಆಸ್ಪತ್ರೆಗಳು ಯೋಗ, ಧ್ಯಾನ ಮಾಡಿಸುತ್ತವೆ, ಬೇಡ ಎನ್ನುವುದಿಲ್ಲ. ಆದರೆ ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕಾದ ಕಡೆ ಮೂವರನ್ನು ಒಬ್ಬಳಿಗೇ ಕೊಟ್ಟು, ಮೇಲೆ ಡಬಲ್ ಡ್ಯೂಟಿ ಹಾಕಿ, ಆಮೇಲೆ ಪ್ರಾಣಾಯಾಮ ಮಾಡು ಎಂದರೆ ಹೇಗೆ? ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದಿಂದ ಪೂರ್ತಿ ಬಸವಳಿದು ಹೋಗುವುದನ್ನು, ಕಾಯಿಲೆಗಳ ಸಾಲಿಗೆ ಸೇರಿಸದೆ, ಕೆಲಸದ ಒತ್ತಡ ಹತೋಟಿಗೆ ಬರದೆ ಹೋದಾಗ ಬರುವ ಸ್ಥಿತಿ ಎಂದೇ ಹೇಳಿತು.

ನಾನು ಕಂಡಂತೆ, ನರ್ಸ್ ಕೆಲಸದಲ್ಲಿ ಉಳಿಯುತ್ತಾಳೋ ಬಿಡುತ್ತಾಳೋ ಎನ್ನುವುದು ಸಾವಿನ ನಂತರದ ಹತ್ತು ನಿಮಿಷದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಇನ್‌ಚಾರ್ಜ್ ಸಿಸ್ಟರ್ ಬಂದು "ನೀನು ಹೋಗಿ ಮುಖ ತೊಳ್ಕೊಂಡು ಒಂದು ಟೀ ಕುಡಿ, ನಿನ್ನ ಬೆಡ್ ನಾನು ನೋಡ್ಕೋತೀನಿ" ಅಂದರೆ ಎಷ್ಟೋ ಆಯಿತು. ಹಾಗೆ ಹೇಳಬೇಕಾದರೂ ಆ ಶಿಫ್ಟಿನಲ್ಲಿ ಒಬ್ಬರಾದರೂ ಬಿಡುವಾಗಿರಬೇಕು, ಅಲ್ವಾ?

ರೋಗಿಯ ಕಡೆಯವರು ಕೈ ಮಾಡಿದಾಗಲೂ ಇದೇ ಕಥೆ. ಕರ್ನಾಟಕದ 2009ರ ಕಾಯ್ದೆಯಲ್ಲಿ ನರ್ಸ್ ಮೇಲಿನ ಹಲ್ಲೆ ಜಾಮೀನುರಹಿತ ಅಪರಾಧ. ಆದರೆ ಹೊಡೆತಕ್ಕಿಂತ "ಸುಮ್ನೆ ಬಿಡಮ್ಮ, ಆಸ್ಪತ್ರೆ ಹೆಸರು ಕೆಡುತ್ತೆ" ಎಂಬ ಮಾತು ಜಾಸ್ತಿ ದಿನ ನೋಯಿಸುತ್ತದೆ. ಆಸ್ಪತ್ರೆಯವರೇ ಜೊತೆಗೆ ನಿಂತು ದೂರು ಕೊಡಿಸಬೇಕು.

ಒಂದು ತಿಂಗಳಾದರೂ ಅದೇ ದೃಶ್ಯ ಕಣ್ಮುಂದೆ ಬರುತ್ತಿದ್ದರೆ, ನಿದ್ದೆ ಹತ್ತದಿದ್ದರೆ, ದಯವಿಟ್ಟು ಮನೋವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಡುರಾತ್ರಿಯಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆ ಹುಡುಗಿ ಪತ್ರ ಕೊಡಲಿಲ್ಲ. ಅವಳನ್ನು ಕೇಳಿಕೊಂಡೇ ಇನ್‌ಚಾರ್ಜ್ ಹತ್ತಿರ ಮಾತಾಡಿದೆ, ಒಂದು ತಿಂಗಳು ಓಪಿಡಿಗೆ ಹಾಕಿದರು. ಐಸಿಯುಗೆ ವಾಪಸ್ ಹೋದ ದಿನ ಸೀನಿಯರ್ ಸಿಸ್ಟರ್ ಒಬ್ಬರು ಆ ಬೆಡ್ಡಿನ ತನಕ ಅವಳ ಜೊತೆ ನಡೆದು ಬಂದರಂತೆ.